ಬೆನ್ನ ಮೇಲಿನ ಹೆಸರು

ಇಷ್ಟು ಜನ ಉಸಿರಿಗಾಗಿ ಒದ್ದಾಡುತ್ತಿರುವ ಹೊತ್ತಿನಲ್ಲಿ ನನಗೆ ಈ ಕೆಲಸ ಹಿಡಿಸಿಬಿಟ್ಟಿದೆ. ಇದೇ ನನ್ನ ಸಣ್ಣ ಅಳುಕು. ಯಾರ ಹತ್ತಿರವೂ ಹೇಳಿಲ್ಲ. ಡೈರಿಯಲ್ಲಿ ಬರೆದು ಪುಟದ ತುದಿ ಮಡಿಸಿಟ್ಟಿದ್ದೇನೆ, ಪುಟ ಮಡಿಸಿದರೆ ಅಳುಕೂ ಮಡಿಸಿಕೊಳ್ಳುತ್ತದೆ ಅನ್ನುವ ಹಾಗೆ.

ಕೆಲಸ ಇಷ್ಟೇ. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಸೋಂಕಿನ ವಾರ್ಡು. ಅಲ್ಲಿಂದ ಹೊರಬರುವವರೆಲ್ಲ ಒಂದು ಪುಟ್ಟ ಕೋಣೆಯನ್ನು ಹಾದೇ ಬರಬೇಕು. ಅಲ್ಲಿ ನಿಂತು ಬಿಳಿ ಸೂಟು, ದಪ್ಪ ಕನ್ನಡಕ, ಎರಡು ಜೊತೆ ಕೈಗವಸು, ಮಾಸ್ಕು, ಎಲ್ಲವನ್ನೂ ಒಂದು ಕ್ರಮದಲ್ಲಿ ಕಳಚಬೇಕು. ಹದಿನಾಲ್ಕು ಹೆಜ್ಜೆ. ಗಾಜಿನ ಈಚೆ ಸ್ಟೂಲಿನ ಮೇಲೆ ಕೂತು ಒಂದೊಂದೇ ಹೆಜ್ಜೆಯನ್ನು ಮೈಕಿನಲ್ಲಿ ಓದಿ ಹೇಳುವುದು, ಸರಿಯಾಗಿ ಮಾಡಿದರೆ ಹಾಳೆಯಲ್ಲಿ ಗುರುತು ಹಾಕುವುದು ನನ್ನ ಪಾಲಿನದು. ದಣಿದವರು ಸೋಂಕು ಹಚ್ಚಿಕೊಳ್ಳುವುದು ಹೆಚ್ಚಾಗಿ ಈ ಕಳಚುವ ಹೊತ್ತಿನಲ್ಲೇ ಎಂದು ತರಬೇತಿಯ ದಿನ ಹೇಳಿದ್ದರು.

ನಾನು ಮಾತಿನವಳಲ್ಲ. ಬಸ್ಸಿನಲ್ಲಿ ನನ್ನ ನಿಲ್ದಾಣ ಬಂದಾಗ ನಿಲ್ಲಿಸಿ ಅನ್ನಲು ಬಾಯಿ ಬಾರದೆ, ಮುಂದಿನದರಲ್ಲಿ ಇಳಿದು ನಡೆದು ಬರುವವಳು. ಆದರೆ ಬರೆದದ್ದನ್ನು ಓದುವುದು ಮಾತಿನ ಲೆಕ್ಕಕ್ಕೆ ಬರುವುದಿಲ್ಲವಲ್ಲ.

"ನಮ್ಮ ಪದವೀಧರೆಗೆ ಕೆಲಸ ಸಿಕ್ತು ಕಣೆ," ಎಂದು ಅಕ್ಕ ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದಳು. "ಜನ ಬಟ್ಟೆ ಬಿಚ್ಚೋದನ್ನ ಕೂತ್ಕೊಂಡು ನೋಡ್ಬೇಕಂತೆ. ಅದಕ್ಕೆ ಸಂಬಳ ಬೇರೆ!"

"ಥೂ, ನಾಚಿಕೆ ಆಗಲ್ವೇನೆ ನಿಂಗೆ," ಎಂದರು ಅಮ್ಮ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಒಳಗಡೆ ಬಟ್ಟೆ ಇರತ್ತೆ ತಾನೆ?"

ಇರುತ್ತದೆ. ಬೆವರಿನಲ್ಲಿ ತೊಯ್ದು ಮೈಗಂಟಿದ ಬಟ್ಟೆ.

ಪ್ರಾಣಿಶಾಸ್ತ್ರದ ಕೊನೆಯ ವರ್ಷದಲ್ಲಿ ನಾನು ಎರಡು ತಿಂಗಳು ಹನ್ನೊಂದು ಕೋಳಿಗಳನ್ನು ನೋಡಿದ್ದೆ. ಹತ್ತು ನಿಮಿಷಕ್ಕೊಮ್ಮೆ ಯಾವ ಕೋಳಿ ಏನು ಮಾಡುತ್ತಿದೆ ಎಂದು ಬರೆಯುವುದು. ಮುಖ, ಜುಟ್ಟು ನೋಡಿ ಗುರುತಿಸಲು ಹೋದರೆ ಎಡವಟ್ಟು; ಕಾಲು ನೋಡಬೇಕು, ನಡಿಗೆಯಲ್ಲಿ ಎಲ್ಲ ಕೋಳಿಯೂ ಬೇರೆ. "ಕಂಡದ್ದನ್ನ ಬರಿ, ನಡುವೆ ಕೈ ಹಾಕ್ಬೇಡ" ಎನ್ನುತ್ತಿದ್ದರು ಮೇಷ್ಟ್ರು. ನನಗೆ ಹೇಳಿ ಮಾಡಿಸಿದಂಥ ಮಾತು.

ಇಲ್ಲೂ ಅದೇ ಚಾಳಿ. ಮಾಸ್ಕು ತೆಗೆದ ಮೊದಲ ಗಳಿಗೆಯಲ್ಲಿ ಮನುಷ್ಯರು ಏನು ಮಾಡುತ್ತಾರೆ? ಯಾರೂ ಕೇಳದ ಪ್ರಶ್ನೆ. ನನ್ನ ಡೈರಿಯಲ್ಲಿ ಅದಕ್ಕೊಂದು ಪಟ್ಟಿಯೇ ಇದೆ. ಕನ್ನಡಕದ ಡಾಕ್ಟರು ಆಕಳಿಸುತ್ತಾರೆ, ಬಾಯಿ ಮುಚ್ಚುವುದರೊಳಗೆ ಇನ್ನೊಂದು ಆಕಳಿಕೆ. ನೆಲ ಒರೆಸುವ ಮಾಮ ಮೂಗನ್ನು ಹಿಂಡಿ ನೋಡುತ್ತಾನೆ, ಇದೆಯೋ ಇಲ್ಲವೋ ಎಂಬಂತೆ. ಚಿಕ್ಕ ವಯಸ್ಸಿನ ನರ್ಸು ಪುಟ್ಟಿ ಕತ್ತು ಬಗ್ಗಿಸಿ ಎದೆ ನೋಡಿಕೊಳ್ಳುತ್ತಾಳೆ. ಮನೆಯಲ್ಲಿ ಏಳು ತಿಂಗಳ ಕೂಸಿದೆ, ಹಾಲು ಸೋರಿರುತ್ತದೆ. ಮತ್ತೆ ದೊಡ್ಡಕ್ಕ.

ದೊಡ್ಡಕ್ಕ ವಾರ್ಡಿನ ಹಿರಿಯ ನರ್ಸು. ಡಾಕ್ಟರುಗಳೂ ಅವರನ್ನು ಹಾಗೆಯೇ ಕರೆಯುತ್ತಾರೆ. ಬಲಪಾದ ಹೊರಕ್ಕೆ ತಿರುಗಿಸಿ ನಡೆಯುವವರು. ನಾಲ್ಕು ಹೆಜ್ಜೆಗೊಮ್ಮೆ ಎಡಗೈ ಸೊಂಟ ತಟ್ಟುತ್ತದೆ, ಅಲ್ಲಿ ಬೀಗದಕೈ ಇದೆಯೇ ಎಂದು ನೋಡುವ ಹಾಗೆ. ಗಾಜಿನಾಚೆಯಿಂದ ನನ್ನನ್ನು ಮಾತಾಡಿಸಿದ ಮೊದಲಿಗರು ಅವರೇ. ಕೋಳಿಯ ಕಥೆಯನ್ನು ನನ್ನ ಬಾಯಿಂದ ಹೊರಡಿಸಿದವರೂ ಅವರೇ. ಮೊದಲ ವಾರ ಮಾಸ್ಕು ತೆಗೆದೊಡನೆ ಕಣ್ಣು ಮುಚ್ಚಿ ಎದೆ ತುಂಬ ಉಸಿರು ಎಳೆದುಕೊಂಡು, "ಆಹಾ! ಗಾಳಿಗೂ ರುಚಿ ಇದೆ ಕಣೇ, ಕೋಳಿ ಮೇಡಂ," ಎನ್ನುತ್ತಿದ್ದರು.

ಸೂಟು ತೊಟ್ಟ ಮೇಲೆ ಯಾರ ಮುಖವೂ ಕಾಣುವುದಿಲ್ಲ. ಅದಕ್ಕೇ ಬೆನ್ನ ಮೇಲೆ ಮಾರ್ಕರಿನಲ್ಲಿ ಹೆಸರು ಬರೆದುಕೊಳ್ಳುವ ಪದ್ಧತಿ. ಆರು ಗಂಟೆ ಒಳಗಿದ್ದರೆ ಹದಿನೆಂಟು ಗಂಟೆ ಹೊರಗಿರಬೇಕು, ಇದು ನಿಯಮ. ಬೆನ್ನಿನ ಹೆಸರೇ ಹಾಳೆಗೆ ಹೋಗುತ್ತದೆ.

ಒಂದು ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ದೊಡ್ಡಕ್ಕ ಹೊರಬಂದರು. ಸಂಜೆ ಆರಕ್ಕೆ ಬಂದ ಸೂಟಿನ ಬೆನ್ನ ಮೇಲೆ ಪುಟ್ಟಿಯ ಹೆಸರಿತ್ತು. ಆದರೆ ಬಲಪಾದ ಹೊರಕ್ಕೆ ತಿರುಗಿತ್ತು. ನಾಲ್ಕನೇ ಹೆಜ್ಜೆಗೆ ಕೈ ಸೊಂಟ ತಟ್ಟಿತು. ಮಾಸ್ಕು ಕಳಚುವ ಹೆಜ್ಜೆ ಹನ್ನೆರಡನೆಯದು. ಅಲ್ಲಿಯವರೆಗೂ ನನಗೆ ಕುತೂಹಲ ತಡೆಯಲಾಗಲಿಲ್ಲ.

ದೊಡ್ಡಕ್ಕನೇ. ನನ್ನ ಮುಖ ನೋಡಿ ನಕ್ಕರು.

"ಏನೇ, ಕಾಲು ನೋಡಿ ಹಿಡಿದ್ಬಿಟ್ಯಾ? ಪುಟ್ಟಿ ಮಗೂಗೆ ಜ್ವರ. ಇವತ್ತೊಂದಿನ ಅಷ್ಟೇ. ನೀನು ನೋಡ್ಲಿಲ್ಲ, ಆಯ್ತಾ?"

ನೋಡುವುದೊಂದನ್ನೇ ಬಲ್ಲವಳು ನೋಡಲಿಲ್ಲ ಅನ್ನಬೇಕಂತೆ! ನಾನು ತಲೆಯಾಡಿಸಿದೆ. ಹಾಳೆಯಲ್ಲಿ ಪುಟ್ಟಿಯ ಹೆಸರಿನ ಮುಂದೆ ಹದಿನಾಲ್ಕೂ ಗುರುತು ಹಾಕಿದೆ. ನಿಜವನ್ನು ಡೈರಿಯಲ್ಲಿ ಬರೆದೆ.

ಕೂಸಿನ ಜ್ವರ ಎರಡು ದಿನಕ್ಕೆ ಇಳಿಯಿತು. ಆದರೆ ಪುಟ್ಟಿಯ ಹೆಸರಿನಲ್ಲಿ ದೊಡ್ಡಕ್ಕ ಬರುವುದು ನಿಲ್ಲಲಿಲ್ಲ. ದಿನಕ್ಕೆ ಹನ್ನೆರಡು ಗಂಟೆ, ನಡುವೆ ಒಂದು ಲೋಟ ಚಹಾ. ನನ್ನ ಪಟ್ಟಿಯಲ್ಲಿ ಅವರ ಸಾಲು ಬದಲಾಗುತ್ತ ಹೋಯಿತು. ಎರಡನೇ ವಾರ: ಉಸಿರೆಳೆದುಕೊಂಡರು, ಮಾತಿಲ್ಲ. ಆಮೇಲೆ: ಕನ್ನಡಿ ನೋಡಿದರು, ಬೇರೆಯವರನ್ನು ನೋಡಿದಂತೆ. ಆಮೇಲೆ: ಏನೂ ಮಾಡಲಿಲ್ಲ. ಮೂಗಿನ ಮೇಲೆ ಮಾಸ್ಕಿನ ಗೆರೆ ಕೆಂಪಗೆ ಕೊರೆದಿತ್ತು, ಅದನ್ನು ಮುಟ್ಟಿಕೊಳ್ಳಲೂ ಇಲ್ಲ. ಆರು ಗಂಟೆ ಒಳಗಿದ್ದು ಮೊದಲ ಸಲ ಗಾಳಿ ಸಿಕ್ಕಿದ ಮನುಷ್ಯ ಏನೂ ಮಾಡದೆ ಹೇಗಿರುತ್ತಾನೆ? ಅದನ್ನು ಬರೆದು, ಕೆಳಗೆ ಎರಡು ಗೆರೆ ಎಳೆದೆ. ನನಗೆ ಅದೊಂದು ಸ್ವಾರಸ್ಯವಾಗಿ ಕಂಡಿತ್ತು. ಈಗ ಓದಿದರೆ ನನ್ನ ಕೆನ್ನೆಗೆ ನಾನೇ ಬಾರಿಸಬೇಕು ಅನ್ನಿಸುತ್ತದೆ.

ಒಂದು ಶುಕ್ರವಾರ ಸಂಜೆ ಅವರು ಎಲ್ಲವನ್ನೂ ಕ್ರಮವಾಗಿ ಕಳಚಿದರು. ಸೂಟು ಹಳದಿ ಬುಟ್ಟಿಗೆ ಹೋಯಿತು. ಹೊರಗವಸು ಹೋಯಿತು, ಒಳಗವಸೂ ಹೋಯಿತು. ಮಾಸ್ಕನ್ನು ಕಿವಿಯ ಹಿಂದಿನ ದಾರ ಹಿಡಿದು ತೆಗೆಯಬೇಕು, ಮುಂಭಾಗ ಮುಟ್ಟಲೇಬಾರದು. ದೊಡ್ಡಕ್ಕ ಬರಿಗೈಯನ್ನು ನೇರ ಮಾಸ್ಕಿನ ಮೇಲೇ ಇಟ್ಟರು. ಅಂಗೈ ಪೂರ್ತಿ. ಮೂವತ್ತು ವರ್ಷ ಇದೇ ಕೆಲಸ ಮಾಡಿದವರು.

"ನಿಲ್ಲಿ," ಎಂದೆ ಮೈಕಿನಲ್ಲಿ. ಹಾಳೆಯಲ್ಲಿ ಆ ಪದ ಇದೆ. "ಕೈ ತೊಳೆಯಿರಿ. ಮತ್ತೆ ಮೊದಲಿನಿಂದ."

ಮತ್ತೆ ಮೊದಲಿನಿಂದ ಎಂದರೆ ಆ ಹೆಜ್ಜೆಯನ್ನು ಎಂದು ಎಲ್ಲರಿಗೂ ಗೊತ್ತು. ಅವರು ಕೈ ತೊಳೆದರು. ಆಮೇಲೆ ಎದೆಯ ಹತ್ತಿರ ಕೈ ಒಯ್ದು, ಇಲ್ಲದ ಜಿಪ್ಪನ್ನು ಹಿಡಿದು ಕೆಳಗೆ ಎಳೆದರು. ಇಲ್ಲದ ತೋಳನ್ನು ಜಾರಿಸಿದರು. ಇಲ್ಲದ ಸೂಟನ್ನು ಒಳಮಗ್ಗುಲು ಹೊರಗೆ ಬರುವಂತೆ ಸುತ್ತಿ, ಉಂಡೆ ಮಾಡಿ, ಬುಟ್ಟಿಯ ಮುಚ್ಚಳವನ್ನು ಕಾಲಿನಿಂದ ಒತ್ತಿ ಒಳಗೆ ಹಾಕಿದರು. ಒಂದೂ ತಪ್ಪಿಲ್ಲ. ಹಾಕಿದ ಮೇಲೆ ಬುಟ್ಟಿಯೊಳಗೆ ಬಗ್ಗಿ ನೋಡಿದರು, ನೋಡುತ್ತಲೇ ನಿಂತರು.

"ಎಷ್ಟನೇದು ಹೇಳ್ದೆ?" ಎಂದು ಕೇಳಿದರು.

"ಹನ್ನೆರಡನೇದು," ಎಂದೆ. ಅವರು ದಾರ ಹಿಡಿದು ಮಾಸ್ಕು ತೆಗೆದರು.

ಸ್ನಾನ ಮುಗಿಸಿ ಅವರು ನನ್ನ ಪಕ್ಕ ಬಂದು ಬೆಂಚಿನ ಮೇಲೆ ಕೂತರು. ಒದ್ದೆ ಕೂದಲಿನಿಂದ ಸೋಪಿನ ವಾಸನೆ.

"ಬರ್ದ್ಯಾ ಅದನ್ನ?"

"ಇನ್ನೂ ಇಲ್ಲ."

"ಬರೀಬೇಡ ಮರಿ. ನಾಳೆ ಮೇಟ್ರನ್ ಬರ್ತಾರೆ. ಹಾಳೇಲಿ ತಪ್ಪಿಲ್ಲ ಅಂದ್ರೆ ನಮ್ಮ ತಂಡಾನೇ ಇನ್ನೆರಡು ವಾರ ಮುಂದುವರಿಸ್ತಾರೆ. ತಪ್ಪು ಕಂಡ್ರೆ ಪುಟ್ಟೀನ ಕರ್ದು ಕೇಳ್ತಾರೆ, ಆಗ ನಂದು ಹೊರಗೆ ಬಿದ್ದು ನನ್ನನ್ನ ಮನೇಗೆ ಅಟ್ತಾರೆ."

"ಮನೇಗೆ ಹೋಗಿ ಮಲಗ್ಬಹುದಲ್ಲ, ದೊಡ್ಡಕ್ಕ?" ಇದು ಹಾಳೆಯಲ್ಲಿ ಇಲ್ಲದ ಮಾತು.

"ಮಲಗಿದ್ರೆ ನಿದ್ದೆ ಎಲ್ಲಿ ಬರತ್ತೆ? ಕಣ್ಣು ಮುಚ್ಚಿದ್ರೆ ಮಾನಿಟರ್ ಕುಯ್ಯೋ ಅನ್ನತ್ತೆ. ಎದ್ದು ಫ್ರಿಜ್ ಬಾಗ್ಲು ತೆಗ್ದು ನೋಡ್ತೀನಿ, ಅದೇನೋ ಅಂತ. ನಮ್ಮೆಜಮಾನ್ರು, 'ಫ್ರಿಜ್ಜಿಗೂ ಬಿಪಿ ನೋಡ್ತೀಯೇನೆ' ಅಂತಾರೆ." ನಕ್ಕರು, ನಗು ಅರ್ಧಕ್ಕೇ ಮುಗಿಯಿತು. "ಒಳಗಿದ್ರೆ ಕೈಗೆ ಕೆಲ್ಸ ಇರತ್ತೆ, ಅಷ್ಟೇ. ಮತ್ತೆ, ಹೊಸಬ್ರು ಬಂದ್ರೆ ಅವ್ರಿಗೇನು ಗೊತ್ತು ಹೇಳು? ಆರನೇ ಹಾಸಿಗೆ ಅಜ್ಜನ್ನ ಎಡಮಗ್ಗುಲಿಗೆ ತಿರುಗಿಸಿದ್ರೇನೇ ಉಸಿರು ಸಲೀಸು. ನಾನೊಬ್ಳೇ ಕಂಡ್ಕೊಂಡಿರೋದು ಅದನ್ನ."

ಆರನೇ ಹಾಸಿಗೆಯ ಅಜ್ಜ ಬುಧವಾರವೇ ಗುಣವಾಗಿ ಮನೆಗೆ ಹೋಗಿದ್ದರು. ಗಾಲಿಕುರ್ಚಿಯನ್ನು ಲಿಫ್ಟಿನವರೆಗೆ ತಳ್ಳಿದ್ದು ಇದೇ ದೊಡ್ಡಕ್ಕ. ಎಲ್ಲರೂ ಚಪ್ಪಾಳೆ ತಟ್ಟಿದ್ದು ನನ್ನ ಗಾಜಿಗೂ ಕೇಳಿತ್ತು. ಅಷ್ಟು ದಿನದಲ್ಲಿ ಅವರಿಗೆ ಸಿಕ್ಕಿದ್ದ ಒಂದೇ ಒಂದು ಸಂತೋಷ, ಅದೂ ಅವರ ಹತ್ತಿರ ಉಳಿದಿರಲಿಲ್ಲ.

ಹನ್ನೆರಡನೇ ಹೆಜ್ಜೆಗೆ ಗುರುತು ಹಾಕಿದೆ. ಸರಿ ಎಂದು.

ಮನೆಯಲ್ಲಿ ಡೈರಿ ತೆರೆದು ಎಲ್ಲವನ್ನೂ ಬರೆದೆ, ಜಿಪ್ಪು, ಬುಟ್ಟಿ, ಅಜ್ಜ. ಮೂರು ಪುಟ ಆಯಿತು. ಚೆನ್ನಾಗಿಯೇ ಬರೆದಿದ್ದೆ. ಓದಿ ನೋಡಿದಾಗ ಕೋಳಿಗಳ ವರದಿಯಂತೆಯೇ ಇತ್ತು, ಅಚ್ಚುಕಟ್ಟು. ಇದನ್ನು ಓದುವವಳು ನಾನೊಬ್ಬಳೇ. ದೊಡ್ಡಕ್ಕ ನಾಳೆಯೂ ಒಳಗೆ ಹೋಗುತ್ತಾರೆ, ನಾಡಿದ್ದೂ ಹೋಗುತ್ತಾರೆ, ಒಂದು ದಿನ ಆ ಅಂಗೈ ಮಾಸ್ಕಿನಿಂದ ಕಣ್ಣಿಗೆ ಹೋಗುತ್ತದೆ. ಅದನ್ನೂ ನಾನು ಬರೆಯುತ್ತೇನೆಯೇ, ಗಂಟೆ ನಿಮಿಷದ ಸಮೇತ?

ಶನಿವಾರ ಹನ್ನೆರಡೂವರೆಗೆ ಮೇಟ್ರನ್ ಬಂದರು. ಎತ್ತರದ ಹೆಂಗಸು, ಮಾತಿಗಿಂತ ಮೊದಲು ಪೆನ್ನಿನ ಮುಚ್ಚಳ ತೆಗೆಯುವವರು. ಒಂದು ಪಾಳಿ ಮುಗಿಸಿದ್ದ ದೊಡ್ಡಕ್ಕ ಗೋಡೆಗೊರಗಿ ಚಹಾ ಕುಡಿಯುತ್ತಿದ್ದರು. ಪಕ್ಕದಲ್ಲಿ ಹೊಸ ಸೂಟು, ಬೆನ್ನ ಮೇಲೆ ಪುಟ್ಟಿಯ ಹೆಸರು ಆಗಲೇ ಬರೆದಾಗಿತ್ತು, ಆ ಬದಿಯನ್ನು ಗೋಡೆಗೆ ಮಾಡಿ ಇಟ್ಟಿದ್ದರು.

ಮೇಟ್ರನ್ ಹಾಳೆಗಳನ್ನು ಮಗುಚಿದರು. "ಭೇಷ್! ಒಂದೂ ತಪ್ಪಿಲ್ವಲ್ಲ. ನಿಮ್ಮ ತಂಡ ಗುಂಡುಕಲ್ಲು ಬಿಡಿ ದೊಡ್ಡಕ್ಕ. ಮುಂದುವರಿಸ್ತೀನಿ." ಸಹಿಯ ಜಾಗಕ್ಕೆ ಪೆನ್ನು ಊರಿ, ನನ್ನ ಕಡೆ ನೋಡದೆಯೇ, ಕೇಳಬೇಕಲ್ಲ ಎಂದು ಕೇಳಿದರು, "ಎಲ್ಲಾ ಸರಿ ಇದೆ ತಾನೇನಮ್ಮಾ?"

ಗೋಡೆಯ ಹತ್ತಿರ ದೊಡ್ಡಕ್ಕ ನನ್ನನ್ನೇ ನೋಡುತ್ತಿದ್ದರು. ಬೇಡ ಎಂದು ತಲೆಯಾಡಿಸಿದರು, ಬಹಳ ಮೆಲ್ಲಗೆ. ಲೋಟ ಓರೆಯಾಗಿತ್ತು. ಚಹಾ ಅಂಚು ದಾಟಿ ಬೆರಳ ಮೇಲೆ ಇಳಿಯುತ್ತಿದ್ದುದು ಅವರಿಗೆ ಗೊತ್ತಾಗಲಿಲ್ಲ. ಬಿಸಿ ಚಹಾ.

ನಾನು ಸ್ಟೂಲಿನಿಂದ ಎದ್ದೆ. ಮೈಕು ಕೆಳಗಿಟ್ಟೆ.

"ಇಲ್ಲ ಮೇಡಂ," ಎಂದೆ. "ಆ ಗುರುತುಗಳು ಸುಳ್ಳು, ನಾನೇ ಹಾಕಿದ್ದು. ದೊಡ್ಡಕ್ಕನ ಕೈಲಿ ಇನ್ನು ಆಗ್ತಿಲ್ಲ."