ಉದ್ದಕ್ಕೆ ಟೇಪು ಯಾಕೆ

"ಅಕ್ಕಾ, ಇದೂ ಉದ್ದ ಆಗಿದೆ. ನೋಡಿ, ನನ್ನ ಚಪ್ಪಲೀನೇ ಕಾಣ್ತಿಲ್ಲ."

ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವ ಹುಡುಗಿ ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿ ನಿಂತಳು. ಹೊಸ ಯೂನಿಫಾರ್ಮ್ ಪ್ಯಾಂಟಿನ ಅಂಚು ನೆಲ ಗುಡಿಸುತ್ತಿತ್ತು. ಟೈಲರ್ ಅಕ್ಕ ತುಟಿಯಲ್ಲಿ ಕಚ್ಚಿ ಹಿಡಿದಿದ್ದ ಗುಂಡುಸೂಜಿಗಳನ್ನು ತೆಗೆದು ಡಬ್ಬಿಗೆ ಹಾಕಿದಳು.

"ಬಟ್ಟೆ ಜಗ್ಗಿದೆ ಕಣೇ. ಈಗಿನ ಬಟ್ಟೆಗಳ ಹಣೆಬರಹವೇ ಅಷ್ಟು."

"ಹೋದ ಸಲಾನೂ ಜಗ್ಗಿತ್ತು. ಅದಕ್ಕೂ ಮುಂಚೆ ನಾನೇ ಬೆಳೆದಿದ್ದೀನಿ ಅಂದ್ರಿ. ಮೂವತ್ತು ದಾಟಿದ ಮೇಲೆ ಯಾರಕ್ಕಾ ಉದ್ದ ಬೆಳೀತಾರೆ? ಅಗಲ ಅಂದ್ರೆ ಒಪ್ಕೋತೀನಿ."

"ಬಾಯಿ ಮಾತ್ರ ಚೆನ್ನಾಗಿ ಬೆಳೆದಿದೆ ನಿಂದು. ಬಾ, ಪಕ್ಕಕ್ಕೆ ನಿಲ್ಲು."

ಅಕ್ಕನ ಕೊರಳಲ್ಲಿ ಟೇಪು ಸದಾ ನೇತಾಡುತ್ತಿತ್ತು, ನಿಜ. ಆದರೆ ಅದು ಎದೆಗೆ, ಸೊಂಟಕ್ಕೆ, ತೋಳಿಗೆ ಮಾತ್ರ. ಉದ್ದಕ್ಕೆ ಅವಳದ್ದೇ ಒಂದು ಪದ್ಧತಿ. ಗಿರಾಕಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವರ ನೆತ್ತಿಯ ಮೇಲೆ ಅಂಗೈ ಚಪ್ಪಟೆಯಾಗಿ ಇಟ್ಟು, ಆ ಕೈಯನ್ನು ಹಾಗೇ ತನ್ನ ಮುಖದ ಕಡೆ ಸರಿಸುವಳು. ಕೈ ಗಲ್ಲಕ್ಕೆ ತಾಕಿದರೆ ಇಷ್ಟು, ಮೂಗಿಗೆ ತಾಕಿದರೆ ಇಷ್ಟು. "ಉದ್ದಕ್ಕೆ ಟೇಪು ಯಾಕೆ, ನಾನಿಲ್ವಾ?" ಎನ್ನುವುದು ಅವಳ ಅಂಗಡಿಯ ಹಳೇ ಮಾತು. ಗಿರಾಕಿಗಳು ಅದನ್ನು ಕೇಳಿಯೇ ನಗುತ್ತಾ ಬಂದು ನಿಲ್ಲುತ್ತಿದ್ದರು.

ಹುಡುಗಿಯ ನೆತ್ತಿಯಿಂದ ಸರಿದ ಕೈ ಅಕ್ಕನ ಹುಬ್ಬಿಗೆ ತಾಕಿತು. ಮೊದಲೆಲ್ಲ ಕಣ್ಣಿನ ಕೆಳಗೆ ತಾಕುತ್ತಿತ್ತು.

"ನೋಡಿದ್ಯಾ? ಬೆಳೆದಿದ್ದೀಯ."

"ನಾನಲ್ಲ ಅಕ್ಕಾ, ನೀವೇ ಕುಳ್ಳಗಾಗಿರ್ಬೇಕು!"

ಇಬ್ಬರೂ ನಕ್ಕರು. ಹುಡುಗಿ ಪ್ಯಾಂಟು ಬಿಟ್ಟು ಹೋದಳು. ಅಕ್ಕ ತನ್ನ ಹುಬ್ಬನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡಳು.

ಬೇಕರಿಯವನ ಹೆಂಡತಿ ಈಗ ಬರುವುದಿಲ್ಲ. ಅವಳ ನಿಲುವಂಗಿಯೂ ಉದ್ದವಾಗಿತ್ತು. ಸಂಗೀತ ಹೇಳಿಕೊಡುವ ಟೀಚರು ಎದುರು ಸಾಲಿನ ಅಂಗಡಿಗೆ ಹೋಗತೊಡಗಿದ್ದನ್ನು ಅಕ್ಕ ಕಣ್ಣಾರೆ ಕಂಡಿದ್ದಳು. ಆಗೆಲ್ಲ ಬಟ್ಟೆಯನ್ನು ಬೈದಿದ್ದಳು, ನೂಲನ್ನು ಬೈದಿದ್ದಳು, ಬಟ್ಟೆ ಅಂಗಡಿಯವನನ್ನಂತೂ ಬಾಯಿತುಂಬ ಬೈದಿದ್ದಳು. ಈಗ ಎದ್ದು, ಗೂಟಕ್ಕೆ ನೇತುಹಾಕಿದ್ದ ತನ್ನದೇ ಹಳೆಯ ನಿಲುವಂಗಿ ತೊಟ್ಟು ಕನ್ನಡಿಯ ಮುಂದೆ ನಿಂತಳು. ಅದರ ಅಂಚನ್ನು ಅವಳೇ ಎರಡು ಸಲ ಮೇಲಕ್ಕೆ ಮಡಿಸಿ ಹೊಲಿದಿದ್ದಳು, ಒಗೆದು ಒಗೆದು ಜಗ್ಗಿದೆ ಅಂತ. ಅಂಚು ಮತ್ತೆ ಕಾಲಗಂಟಿಗೆ ಬಂದಿತ್ತು.

ಅಮ್ಮನೂ ಕೊನೆಕೊನೆಗೆ ಬಾಗಿ ಹೋಗಿದ್ದಳು. 'ಅಮ್ಮ ನೆಲದಲ್ಲಿ ಸೂಜಿ ಹುಡುಕ್ತಿದ್ದಾಳೆ' ಎಂದು ಅಕ್ಕ ತಮ್ಮ ಸೇರಿಕೊಂಡು ನಗುತ್ತಿದ್ದರು. ಒಂದು ದಿನ ಬಚ್ಚಲಲ್ಲಿ ಜಾರಿದವಳು ಸೊಂಟ ಮುರಿದುಕೊಂಡು ಮಲಗಿದಳು, ಮತ್ತೆ ಏಳಲಿಲ್ಲ. ಆದರೂ ಅಮ್ಮ ಬಿದ್ದಾಗ ಓಡಿಬಂದು ಎತ್ತಲು ಮಗಳಿದ್ದಳು. ಅಂಗಡಿಯ ಹಿಂದಿನ ಈ ಒಂಟಿ ಕೋಣೆಯಲ್ಲಿ ತಾನು ಬಿದ್ದರೆ? ಬಾಗಿಲಿಗೆ ಒಳಗಿನಿಂದ ಚಿಲಕ.

ತಮ್ಮನಿಗೆ ಫೋನ್ ಮಾಡಿದಳು. ದೂರದೂರಲ್ಲಿ ಲಾರಿ ಓಡಿಸುವವನು, ಸಿಕ್ಕಿದ್ದೇ ಹೆಚ್ಚು.

"ವಯಸ್ಸಾದ್ಮೇಲೆ ಎಲ್ಲರೂ ಕುಗ್ತಾರಕ್ಕ. ಹಾಲು ಕುಡಿ. ಸಿಗ್ನಲ್ ಬಿಡ್ತು, ಆಮೇಲೆ ಮಾಡ್ತೀನಿ."

ಆ 'ಆಮೇಲೆ' ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮೆಡಿಕಲ್ ಶಾಪಿಗೆ ಹೋಗಿ, ಮೂಳೆಗೆ ಏನಾದರೂ ಒಳ್ಳೇ ಮಾತ್ರೆ ಕೊಡಪ್ಪ ಎಂದಳು. ಅಂಗಡಿಯಾತ ಡಬ್ಬಿ ಕೈಗೆತ್ತಿಕೊಂಡವನು ಮತ್ತೆ ಕೆಳಗಿಟ್ಟ.

"ಮಾರಿದ್ರೆ ನನಗೇ ಲಾಭ. ಆದ್ರೂ ಹೇಳ್ತೀನಿ ಕೇಳಿ. ಬೆನ್ನು ನೋವಿತ್ತಾ?"

"ಬಟ್ಟೆ ಗಂಟು ಎತ್ತುವಾಗ ಒಂದ್ಸಲ ಚಳಕ್ ಅಂದಿತ್ತು. ಸ್ಟೂಲು ಸರಿಯಿಲ್ಲ ಅಂತ ಸ್ಟೂಲೇ ಬದಲಾಯಿಸಿದೆ."

"ಸ್ಟೂಲಿಗೆ ಮಾತು ಬಂದಿದ್ರೆ ಅತ್ತಿರೋದು. ದೊಡ್ಡಾಸ್ಪತ್ರೆಗೆ ಫೋನ್ ಮಾಡಿ. ಮೂಳೆ ಎಷ್ಟು ಗಟ್ಟಿ ಇದೆ ಅಂತ ನೋಡೋ ಪರೀಕ್ಷೆ ಅಲ್ಲಿದೆ, ನೋವೇನೂ ಆಗಲ್ಲ. ಅದು ಮೊದಲು, ಮಾತ್ರೆ ಆಮೇಲೆ."

ಆಸ್ಪತ್ರೆಗೆ ಫೋನ್ ಮಾಡಿದರೆ ಒಂದು ದನಿ 'ಇದಕ್ಕೆ ಒಂದನ್ನು ಒತ್ತಿ, ಅದಕ್ಕೆ ಎರಡನ್ನು ಒತ್ತಿ' ಎಂದು ಸಂಗೀತದ ನಡುನಡುವೆ ಹೇಳಿತು. ಅಕ್ಕ ಆ ಮೆಷಿನ್ನಿನ ದನಿಗೂ "ಆಯ್ತಮ್ಮ" ಎಂದಳು. ತಪ್ಪು ಗುಂಡಿ ಒತ್ತಿ ಮಕ್ಕಳ ವಿಭಾಗಕ್ಕೆ ಹೋದಳು, ಅಲ್ಲಿಂದ ಕಣ್ಣಿನ ವಿಭಾಗಕ್ಕೆ. ಕೊನೆಗೊಬ್ಬ ನಿಜವಾದ ಹೆಂಗಸು ಸಿಕ್ಕಾಗ, ಅವಳು ಕೇಳದ್ದನ್ನೂ ಸೇರಿಸಿ ಎಲ್ಲ ಹೇಳಿಬಿಟ್ಟಳು: ಪ್ಯಾಂಟು, ಹುಬ್ಬು, ಅಮ್ಮನ ಬಚ್ಚಲು. ಆ ಹೆಂಗಸು ಪೂರ್ತಿ ಕೇಳಿಸಿಕೊಂಡು ಮೊದಲು ಮೂಳೆ ಡಾಕ್ಟರು, ಅವರು ಬರೆದುಕೊಟ್ಟ ಮೇಲೆ ಪರೀಕ್ಷೆ ಎಂದು ವಿವರಿಸಿದಳು. "ಮೆಟ್ಟಿಲು ಜಾಸ್ತಿ ಇದೆ. ಜೊತೆಗೆ ಒಬ್ಬರನ್ನ ಕರ್ಕೊಂಡು ಬನ್ನಿ."

"ಹೂಂ, ಬರ್ತಾರೆ" ಎಂದಳು ಅಕ್ಕ. ಯಾರು ಎಂದು ಆ ಕಡೆಯಿಂದ ಕೇಳಲಿಲ್ಲ, ಪುಣ್ಯ.

ಡಾಕ್ಟರನ್ನು ಕಂಡು ಬಂದಿದ್ದಾಯಿತು. ಪರೀಕ್ಷೆಯ ದಿನ ಅಂಗಡಿಗೆ ಬೀಗ ಹಾಕಿ, ಗೋಡೆ ಹಿಡಿದು ಹಿಡಿದು ಮೆಟ್ಟಿಲು ಹತ್ತಿದಳು. ಒಳಗೆ ಒಂದು ಉದ್ದದ ಮಂಚ. ಮಲಗಿಸಿ, ಕಾಲ ಕೆಳಗೆ ಪೆಟ್ಟಿಗೆಯಂಥ ದಿಂಬು ಇಟ್ಟರು. ಮೇಲಿನಿಂದ ಮೆಷಿನ್ನಿನ ತೋಳು ಸದ್ದಿಲ್ಲದೆ ಅವಳ ಸೊಂಟದ ಮೇಲೆ, ಬೆನ್ನಿನ ಮೇಲೆ ಹಾದುಹೋಯಿತು. ಎಲ್ಲೂ ತಾಕಲಿಲ್ಲ.

"ಜೊತೆಗೆ ಯಾರು ಬಂದಿದ್ದಾರಮ್ಮ?" ಮೆಷಿನ್ ನೋಡುತ್ತಿದ್ದವಳು ಕೇಳಿದಳು.

"ಹೊರಗಿದ್ದಾರೆ."

ಪರೀಕ್ಷೆ ಮುಗಿಯುತ್ತಲೇ ಅವಳು ಬಾಗಿಲು ತೆರೆದು ಹೊರಗೆ ಕೂಗಿದಳು. "ಟೈಲರ್ ಅಮ್ಮನ ಜೊತೆ ಬಂದವರು ಯಾರ್ರೀ? ಸ್ವಲ್ಪ ಬನ್ನಿ, ಕೈಹಿಡಿದು ಇಳಿಸಬೇಕು."

ಅಕ್ಕ ಮಂಚದ ಮೇಲೆ ಮಲಗಿಯೇ ಕೇಳಿಸಿಕೊಂಡಳು. ಯಾರದೋ ಕೆಮ್ಮು. ಕುರ್ಚಿಯೊಂದು ಕಿರುಗುಟ್ಟಿದಾಗ ಅವಳು ಬಾಗಿಲ ಕಡೆ ತಲೆ ಹೊರಳಿಸಿದಳು, ನಿಜಕ್ಕೂ ಯಾರೋ ಬಂದಿದ್ದಾರೇನೋ ಎಂಬಂತೆ. "ಟೈಲರ್ ಅಮ್ಮನ ಕಡೆಯವರು!" ಎಂದು ಇನ್ನೊಮ್ಮೆ ಕೂಗಾಯಿತು. ಯಾರೂ ಏಳಲಿಲ್ಲ.

"ಟೀ ಕುಡಿಯೋಕೆ ಹೋಗಿರ್ಬೇಕು" ಎಂದಳು ಅಕ್ಕ, ಚಾವಣಿ ನೋಡುತ್ತಾ.

"ಇರ್ಬೇಕು" ಎಂದು ಬಾಗಿಲು ಹಾಕಿ ಬಂದ ಹೆಂಗಸು ತಾನೇ ಕೈಕೊಟ್ಟು ಇಳಿಸಿದಳು. ಚಪ್ಪಲಿಯನ್ನು ಕಾಲಬಳಿ ಸರಿಸಿಕೊಟ್ಟಳು. "ಶುಕ್ರವಾರ ಸಂಜೆ ಪಕ್ಕದ ಹಾಲ್‌ನಲ್ಲಿ ನಿಮ್ಮಂಥೋರೇ ಸೇರ್ತಾರೆ. ಹೆಂಗೆ ನಡೀಬೇಕು, ಹೆಂಗೆ ಎತ್ತಬೇಕು ಅಂತ ಹೇಳಿಕೊಡ್ತಾರೆ. ಅದಕ್ಕಿಂತ ಜಾಸ್ತಿ ಹರಟೆ. ಬನ್ನಿ."

"ನೋಡ್ತೀನಿ" ಎಂದಳು ಅಕ್ಕ. ಬರುವುದಿಲ್ಲ ಎಂಬುದಕ್ಕೆ ಅವಳು ಹೇಳುವ ಮಾತೇ ಅದು.

ಮೂಳೆ ಸವೆದಿದೆ, ಬೆನ್ನಿನ ಎರಡು ಮೂಳೆ ಒತ್ತಿಕೊಂಡು ಕುಸಿದಿವೆ ಎಂದರು ಡಾಕ್ಟರು. ಹೊಲಿಯಬಹುದು, ಗಂಟು ಎತ್ತಬಾರದು, ಬೀಳಲೇಬಾರದು. ವಾರಕ್ಕೊಂದು ಮಾತ್ರೆ. ಬೆಳಿಗ್ಗೆ ಎದ್ದವಳೇ ಬರಿಹೊಟ್ಟೆಯಲ್ಲಿ ಲೋಟ ತುಂಬ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಮಲಗದೆ, ಏನೂ ತಿನ್ನದೆ ನೆಟ್ಟಗೆ ಕೂತಿರಬೇಕು. ಮೊದಲ ಮಾತ್ರೆ ನುಂಗಿದ ಬೆಳಿಗ್ಗೆ ಅಕ್ಕ ಅಂಗಡಿಯ ಸ್ಟೂಲಿನ ಮೇಲೆ ಕನ್ನಡಿಗೆ ಎದುರಾಗಿ ಕೂತಳು. ಮೆಷಿನ್ ತುಳಿಯದೆ, ರೇಡಿಯೋ ಹಾಕದೆ ಅಷ್ಟು ಹೊತ್ತು ತನ್ನ ಮುಖವನ್ನೇ ನೋಡುತ್ತಾ ಕೂತಿದ್ದು ಅವಳಿಗೆ ನೆನಪಿರಲಿಲ್ಲ. ಮೊಳೆಗೆ ನೇತುಹಾಕಿದ್ದ ಟಿಕೆಟ್ ಹುಡುಗಿಯ ಪ್ಯಾಂಟು ಕನ್ನಡಿಯೊಳಗೆ ಕಾಣುತ್ತಿತ್ತು. ಎಷ್ಟು ಮಡಿಸಬೇಕು? ತಾನೇ ಎಷ್ಟು ಕಡಿಮೆಯಾಗಿದ್ದೇನೆ ಎಂದು ತಿಳಿಯದೆ ಹೇಗೆ ಹೇಳುವುದು? ಎದ್ದು ಟೇಪಿನ ತುದಿಯನ್ನು ಕಾಲಿನಿಂದ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ನೆತ್ತಿಗೆ ಎಳೆದಳು. ಟೇಪು ಸೊಟ್ಟಗಾಯಿತು. ಅಂಕಿ ನೋಡಲು ಕತ್ತೆತ್ತಿದರೆ ಕೈ ಜಾರಿತು. ಮತ್ತೊಮ್ಮೆ ಎಳೆದಳು, ಮತ್ತೆ ಜಾರಿತು.

ಶುಕ್ರವಾರ ಸಂಜೆ ಹಾಲ್‌ನ ಬಾಗಿಲಲ್ಲಿ ನಿಂತಾಗಲೂ ಟೇಪು ಅವಳ ಕೊರಳಲ್ಲೇ ಇತ್ತು, ತೆಗೆಯಲು ಮರೆತಿದ್ದಳು. ಒಳಗೆ ಹತ್ತಾರು ಹೆಂಗಸರು, ಮೂಲೆಯಲ್ಲೊಬ್ಬ ಗಂಡಸು. ಊರುಗೋಲಿನ ಮುದುಕಿಯೊಬ್ಬಳು ಅವಳನ್ನು ನೋಡಿ ಜೋರಾಗಿ ಅಂದಳು:

"ಯಾಕ್ರೀ, ಬಾಗಿಲು ಕಾಯೋಕೆ ಬಂದ್ರಾ? ಒಳಗೆ ಬನ್ನಿ."

"ಸುಮ್ನೆ ನೋಡೋಣ ಅಂತ ಬಂದೆ."

"ನಾವೆಲ್ಲಾ ನೋಡೋಕೆ ಬಂದೋರೇ. ನಾನಂತೂ ಮೂರು ವರ್ಷದಿಂದ ನೋಡ್ತಾನೇ ಇದ್ದೀನಿ. ಟೇಪು ಬೇರೆ ತಂದಿದ್ದೀರಿ, ಒಳ್ಳೇದಾಯ್ತು. ಕೊಡಿ ಇಲ್ಲಿ, ಹೊಸಬರನ್ನ ಮೊದಲು ಅಳೀತೀವಿ. ನಿಮ್ಮ ಎತ್ತರ ಮುಂಚೆ ಎಷ್ಟಿತ್ತು?"

ಅಕ್ಕ ಕೊರಳಿನ ಟೇಪು ತೆಗೆದು ಕೊಟ್ಟಳು.

"ಗೊತ್ತಿಲ್ಲ."

"ಟೈಲರ್ ಥರ ಕಾಣ್ತೀರಿ, ಗೊತ್ತಿಲ್ಲ ಅಂತೀರಲ್ಲ!"

"ಯಾರೂ ಅಳೆದಿಲ್ಲ" ಎಂದಳು ಅಕ್ಕ.

ಮುದುಕಿ ನಗಲಿಲ್ಲ. ಊರುಗೋಲನ್ನು ಕುರ್ಚಿಗೆ ಒರಗಿಸಿ, "ಬಗ್ಗೋದು ನನ್ನ ಕೈಲಾಗಲ್ಲ. ತುದಿ ನೀವೇ ತುಳ್ಕೊಳ್ಳಿ" ಎಂದಳು.

ಅಕ್ಕ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಟೇಪಿನ ತುದಿಯ ಮೇಲೆ ಹಿಮ್ಮಡಿ ಊರಿದಳು. ಟೇಪು ಬೆನ್ನ ಹಿಂದೆ ಬಿಗಿಯಾಗಿ ಮೇಲಕ್ಕೆ ಸರಿಯಿತು. ಆಮೇಲೆ ಒಂದು ಅಂಗೈ, ಚಪ್ಪಟೆಯಾಗಿ, ಬೆಚ್ಚಗೆ, ಅವಳ ನೆತ್ತಿಯ ಮೇಲೆ ಬಂದು ಕೂತಿತು.