ಪಟಾಕಿ ಏಟು

“ಹೊಡಿಯೇ ಎಮ್ಮೆ. ಮುದ್ದು ಮಾಡ್ತಿದ್ದೀಯಾ? ನಂಗೆ ಕೇಳಿಸ್ಲಿಲ್ಲ.”

ಮೇಷ್ಟ್ರು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಎದುರಿಗೆ ಐದನೇ ತರಗತಿಯ ಕಡ್ಡಿ ಮತ್ತು ಅವಳ ತಂಗಿ, ಮೂರನೇ ತರಗತಿಯ ಚೋಟು. ಏಳರ ಮಗ್ಗಿ ಒಪ್ಪಿಸುವಾಗ ಚೋಟು ಏಳೆಂಟ್ಲ ಐವತ್ನಾಲ್ಕು ಅಂದಿದ್ದಳು.

ಎರಡು ತರಗತಿಗೂ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ನಲವತ್ತೊಂದು ಮಕ್ಕಳು. ಅವರಲ್ಲಿ ಒಂಬತ್ತು ಮಕ್ಕಳು ಚರ್ಮ ಹದಮಾಡುವ ಕಾರ್ಖಾನೆಯ ಹಿಂದಿನ ಬೀದಿಯವರು. ಅವರಿಗೆ ಬೆಂಚಿಲ್ಲ, ಹಿಂಬಾಗಿಲ ಪಕ್ಕದ ನೆಲ. ಹಸಿ ತೊಗಲಿನ ನಾತ ಅಂಟುತ್ತದೆಂದು ಮೇಷ್ಟ್ರು ಅವರನ್ನು ಕೈಯಿಂದಲೂ ಮುಟ್ಟುತ್ತಿರಲಿಲ್ಲ, ಬೆತ್ತದಿಂದಲೂ ಮುಟ್ಟುತ್ತಿರಲಿಲ್ಲ. ಅವರ ಸ್ಲೇಟುಗಳನ್ನು ನೆಲದ ಮೇಲಿಡಿಸಿ, ಕೂತಲ್ಲಿಂದಲೇ ಸರಿ ತಪ್ಪು ಹೇಳುತ್ತಿದ್ದರು. ಅವರಲ್ಲೊಬ್ಬರು ತಪ್ಪಿದರೆ ಹೊಡೆಯಲು ಅವರಲ್ಲೇ ಇನ್ನೊಬ್ಬರನ್ನು ಎಬ್ಬಿಸುತ್ತಿದ್ದರು. ಎರಡನೇ ಸಲವೂ ಏಟು ಮೆತ್ತಗಾದರೆ, ಹೊಡೆಸಿಕೊಂಡವರು ತಿರುಗಿ ಎರಡು ಬಿಡಬೇಕು. ಅದೂ ಮೆತ್ತಗಾದರೆ ನಾಲ್ಕು.

ಆ ಬೀದಿಯ ಮಕ್ಕಳು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಅಂಗೈಯನ್ನು ಗುಳಿ ಮಾಡಿ ಕೆನ್ನೆಗೆ ಬಿಟ್ಟರೆ ಸದ್ದು ಜೋರು, ನೋವು ಕಮ್ಮಿ. ಅದಕ್ಕೆ ಪಟಾಕಿ ಎಂದು ಹೆಸರಿಟ್ಟಿದ್ದರು. ಸಂಜೆ ಕಾರ್ಖಾನೆಯ ಗೋಡೆಯ ಪಕ್ಕ ಎದುರುಬದುರು ನಿಂತು ಕಲಿಯುತ್ತಿದ್ದರು. ಹೊಡೆಸಿಕೊಳ್ಳುವವರು ಕುತ್ತಿಗೆ ಅಲ್ಲಾಡಿಸಬಾರದು. ಏಟು ಬಿದ್ದ ಕೂಡಲೇ ಅಯ್ಯಮ್ಮಾ ಎಂದು ಕುಸಿಯಬೇಕು. ಮಗ್ಗಿಗಿಂತ ಇದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಕಲಿಸಿದವಳು ಕಡ್ಡಿ.

“ಅಲ್ಲಾಡ್ಬೇಡ,” ಎಂದು ಪಿಸುಗುಟ್ಟಿ ಅವಳು ಕೈ ಬೀಸಿದಳು.

ಚೋಟು ಹೆದರಿ ಮುಖ ತಿರುಗಿಸಿದಳು. ಕೆನ್ನೆಗೆ ಬೀಳಬೇಕಾದ ಗುಳಿ ಕೈ ಎಡಗಿವಿಯ ಮೇಲೆ ಮುಚ್ಚಳದಂತೆ ಬಿತ್ತು.

“ಹಾಂ, ಈಗ ಕೇಳಿಸ್ತು,” ಎಂದರು ಮೇಷ್ಟ್ರು. “ಹೋಗಿ ಬಿದ್ಕೊಳ್ಳಿ.”

ಕುಸಿದ ಚೋಟು ಏಳಲಿಲ್ಲ.

“ಸಾಕು ಏಳೇ, ನಾಟಕದವಳೇ,” ಎಂದು ಕಡ್ಡಿ ರಟ್ಟೆ ಹಿಡಿದೆತ್ತಿದಾಗ ತಂಗಿಯ ಕಿವಿಯಿಂದ ರಕ್ತ ತೆಳ್ಳಗೆ ಇಳಿದು ಕಾಲರಿಗೆ ಹತ್ತಿತು.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದರು. ಕಿವಿಯ ತಮಟೆ ಹರಿದಿದೆ ಎಂದರು. ಮತ್ತೆ ಕೇಳಿಸುವುದು ಅನುಮಾನ, ಇನ್ನೊಂದನ್ನಾದರೂ ಜೋಪಾನ ಮಾಡಿ ಎಂದರು.

ಮೂರನೇ ದಿನ ಶಾಲೆಯಿಂದ ತಾಯಿಗೆ ಕರೆ ಬಂತು. ಸುಣ್ಣದ ಗುಂಡಿಯಲ್ಲಿ ನೆನೆದ ತೊಗಲು ಎತ್ತಿ ಕೂದಲು ಹೆರೆಯುವುದು ಅವಳ ಕೆಲಸ. ಕೈ ತೊಳೆದುಕೊಂಡು ಬಂದು ಹೆಡ್‌ಮೇಷ್ಟ್ರ ಕೋಣೆಯ ಹೊಸ್ತಿಲಾಚೆ ನಿಂತಳು.

“ನಿನ್ನ ದೊಡ್ಡ ಮಗಳೇ ಹೊಡೆದಿದ್ದು. ಕ್ಲಾಸಿಗೆ ಕ್ಲಾಸೇ ನೋಡಿದೆ,” ಎಂದರು ಹೆಡ್‌ಮೇಷ್ಟ್ರು. “ನಮ್ಮ ಮೇಷ್ಟ್ರು ಇವತ್ತಿನವರೆಗೂ ನಿಮ್ಮ ಬೀದಿ ಮಕ್ಕಳ ಮೈ ಮುಟ್ಟಿಲ್ಲ. ಕೇಳು ಬೇಕಾದ್ರೆ.”

ತಾಯಿ ಪಕ್ಕದಲ್ಲಿ ನಿಂತಿದ್ದ ಕಡ್ಡಿಯ ಕಡೆ ತಿರುಗಿದಳು. “ಹೌದೇನೇ?”

“ಸಾರ್ ಹೊಡಿ ಅಂದ್ರಮ್ಮ.”

“ಹೊಡೆದಿದ್ದು ಯಾರೇ?”

“ನಾನೇ.”

ತಾಯಿ ಕೊಟ್ಟದ್ದು ಪಟಾಕಿಯಲ್ಲ. ಸುಣ್ಣಕ್ಕೆ ಬಿರಿದ ಚಪ್ಪಟೆ ಅಂಗೈ. ಕಡ್ಡಿಯ ಕೆಳತುಟಿ ಹಲ್ಲಿಗೆ ಸಿಕ್ಕಿ ಸೀಳಿತು.

“ಇಲ್ಲೆಲ್ಲ ಹೊಡೀಬೇಡಮ್ಮ, ಇದು ಶಾಲೆ,” ಎಂದು ಹೆಡ್‌ಮೇಷ್ಟ್ರು ಒಂದು ಕಾಗದ ಮುಂದಿಟ್ಟರು. ಅಕ್ಕತಂಗಿಯರು ತಮ್ಮತಮ್ಮಲ್ಲೇ ಜಗಳವಾಡಿ ಗಾಯ ಮಾಡಿಕೊಂಡರೆಂದು ಅದರಲ್ಲಿ ಬರೆದಿತ್ತು. ಕಡ್ಡಿ ಅದನ್ನು ತಲೆಕೆಳಗಾಗಿಯೇ ಓದಿಕೊಂಡಳು. ತಾಯಿ ಹೆಬ್ಬೆಟ್ಟು ಒತ್ತಿದಳು. ಗೆರೆ ಮೂಡಲಿಲ್ಲ. ಮತ್ತೆ ಒತ್ತಿದಳು. ಮತ್ತೂ ಮೂಡಲಿಲ್ಲ.

“ಏನಿದು, ನಿನ್ನ ಬೆರಳಲ್ಲಿ ಏನೂ ಇಲ್ವಲ್ಲ?”

“ಸುಣ್ಣ ತಿಂದ್ಬಿಟ್ಟಿದೆ ಸಾರ್.”

“ಹೋಗ್ಲಿ ಬಿಡು. ಮಸಿ ಹತ್ತಿತಲ್ಲ, ಸಾಕು.”

ದಾರಿಯಲ್ಲಿ ತಾಯಿ ಸೆರಗಿನಿಂದ ಮಗಳ ತುಟಿ ಒರೆಸಿದಳು. “ಹೊಡಿ ಅಂದ್ರೆ ಹೊಡೆದೇ ಬಿಡೋದಾ,” ಎಂದು ಒಂದು ಸಲ ಅಂದಳು.

ಮುಂದಿನ ವಾರ ಚೋಟು ಕಿವಿಗೆ ಹತ್ತಿ ತುರುಕಿಕೊಂಡು ಬಂದು ತನ್ನ ಹಳೆಯ ಜಾಗದಲ್ಲೇ ಕೂತಳು. ಮೇಷ್ಟ್ರ ಕಡೆಗಿದ್ದದ್ದು ಹತ್ತಿಯ ಕಿವಿ.

“ಹದಿನೇಳು,” ಎಂದು ಮೇಷ್ಟ್ರು ಹಾಜರಿ ಕೂಗಿದರು. “ಏಯ್, ಹದಿನೇಳು. ಸತ್ತೋಯ್ತಾ ದರಿದ್ರ ಮುಂಡೇದು?”

ಕಡ್ಡಿ ಎದ್ದಳು. “ಅವ್ಳಿಗೆ ಆ ಕಡೆ ಕೇಳ್ಸಲ್ಲ ಸಾರ್.”

“ಈ ಕಡೆ ಕೇಳ್ಸುತ್ತಲ್ಲ? ಒಂದು ಕಿವಿ ಹೋದ್ರೂ ಕೊಬ್ಬು ಹೋಗಿಲ್ಲ. ಕರ್ಕೊಂಡ್ ಬಾ. ನೀನೇ ಇಳಿಸು.”

ಇಬ್ಬರೂ ಕುರ್ಚಿಯ ಮುಂದೆ ಬಂದು ನಿಂತರು. ಕಡ್ಡಿ ಕೈ ಎತ್ತಿದಳು.

“ಆ ಕಡೆ ಬೇಡ, ಮತ್ತೆ ನನ್ನ ತಲೆಗೆ ಕಟ್ತೀರಿ,” ಎಂದರು ಮೇಷ್ಟ್ರು. “ಎಡಗೈಲಿ ಈ ಕಡೆಗೆ ಬಿಡು.”

ಕಡ್ಡಿ ಎಡಗೈಯಲ್ಲಿ ಯಾವತ್ತೂ ಹೊಡೆದವಳಲ್ಲ. ಏಟು ಎಲ್ಲಿ ಬೀಳುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಚೋಟು ಈ ಸಲ ಕುತ್ತಿಗೆ ಅಲ್ಲಾಡಿಸಲಿಲ್ಲ. ಕಣ್ಣು ಮುಚ್ಚಿ, ಎರಡೂ ಮುಷ್ಟಿ ಬಿಗಿಹಿಡಿದು ಗೂಟದಂತೆ ನಿಂತಿದ್ದಳು. ಅವಳ ಕಾಲ ಕೆಳಗಿನ ನೆಲ ಒದ್ದೆಯಾಯಿತು. ಮುಂದಿನ ಬೆಂಚಿನವರು ಮೂಗು ಮುಚ್ಚಿ ನಕ್ಕರು.

“ಎಲ್ಲಿಗೆ ಸಾರ್?” ಎಂದು ಕೇಳಿದಳು ಕಡ್ಡಿ.

“ಕೆನ್ನೆ ಯಾವ್ದು, ಕಿವಿ ಯಾವ್ದು ಅಂತಾನೂ ಹೇಳ್ಕೊಡ್ಬೇಕಾ ನಿನ್ನಂಥ ಕತ್ತೆಗೆ?” ಮೇಷ್ಟ್ರು ಕುರ್ಚಿಯಿಂದ ಮುಂದಕ್ಕೆ ಬಾಗಿ ತಮ್ಮ ಕೆನ್ನೆ ತಟ್ಟಿ ತೋರಿಸಿದರು. “ಇಲ್ಲಿಗೆ ಕಣೇ. ಇಲ್ಲಿಗೆ.”

ಕಡ್ಡಿ ಬಲಗೈ ಗುಳಿ ಮಾಡಿದಳು. ಬೀಸಿದಳು. ಕೆನ್ನೆಗಲ್ಲ.

ಅಂಥ ಪಟಾಕಿ ಆ ಕೋಣೆಯಲ್ಲಿ ಹಿಂದೆಂದೂ ಹೊಡೆದಿರಲಿಲ್ಲ. ಮೇಷ್ಟ್ರು ಕಿವಿ ಹಿಡಿದುಕೊಂಡು ಕುರ್ಚಿಸಮೇತ ಪಕ್ಕಕ್ಕೆ ಉರುಳಿದರು. ಸೀಮೆಸುಣ್ಣದ ಡಬ್ಬಿ ಬಿದ್ದು ಚೆಲ್ಲಾಡಿತು. ನಗು ನಿಂತಿತು. ಚೋಟು ಕಣ್ಣು ತೆರೆದಳು.

“ಕೇಳಿಸ್ತಾ ಸಾರ್?” ಎಂದಳು ಕಡ್ಡಿ.

ಅವಳು ಬಗ್ಗಿ ಮತ್ತೊಮ್ಮೆ ಕೇಳಿದಳು.

ಹೊರಗೆ ಹೆಡ್‌ಮೇಷ್ಟ್ರ ಬೂಟಿನ ಸದ್ದು ಓಡಿ ಬರುತ್ತಿತ್ತು. ಹಿಂಬಾಗಿಲ ಪಕ್ಕದ ನೆಲದಿಂದ ಉಳಿದ ಏಳು ಮಕ್ಕಳೂ ಎದ್ದು ನಿಂತಿದ್ದರು. ಎಲ್ಲರ ಅಂಗೈಯೂ ಗುಳಿಯಾಗಿತ್ತು.