ನೊಣದ ಸಾಕ್ಷಿ

"ಹನ್ನೆರಡು, ಹದಿಮೂರು... ಇದು ಆಗಲೇ ಎಣಿಸಿದ್ದಾ? ಅಲ್ಲ. ಹದಿನಾಲ್ಕು."

ಐರಿನ್ ಬಾಯಮ್ಮ ಬಗ್ಗಿ ನಿಂತು ಮೀನಿನ ಬುಟ್ಟಿಯ ಮೇಲಿನ ನೊಣಗಳನ್ನು ಎಣಿಸುತ್ತಿದ್ದರು. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಮೀನಿನ ಸುಂದರಿ ಸೊಪ್ಪಿನ ಗೆಲ್ಲೊಂದನ್ನು ಬೀಸುತ್ತಾ ಆ ಎಣಿಕೆ ತಪ್ಪಿಸಲು ತನ್ನಿಂದಾದಷ್ಟು ಪ್ರಯತ್ನ ಮಾಡುತ್ತಿದ್ದಳು. ಆದರೆ ಮೂವತ್ತು ವರ್ಷ ನರ್ಸ್ ಆಗಿ ರೋಗಿಗಳ ನಾಡಿ ಎಣಿಸಿದವರ ಲೆಕ್ಕ ಅಷ್ಟು ಸುಲಭದಲ್ಲಿ ತಪ್ಪುವುದಿಲ್ಲ. ಈಗ ಅವರು ಮಣಿಪಾಲದ ಆ ನರ್ಸುಗಳ ಹಾಸ್ಟೆಲಿಗೆ ಮೇಟ್ರನ್. ಸೊಂಟದಲ್ಲಿ ಒಂದು ಕಡೆ ಬೀಗದ ಕೈಗೊಂಚಲು, ಇನ್ನೊಂದು ಕಡೆ ನೊಣ ಹೊಡೆಯುವ ಪ್ಲಾಸ್ಟಿಕ್ ಬ್ಯಾಟು.

"ಬಂಗುಡೆ ಒಳ್ಳೆಯದೇ ಉಂಟು, ಇಲ್ಲ ಅನ್ನುವುದಿಲ್ಲ ನಾನು," ಎಂದು ಅವರು ಸೊಂಟ ನೆಟ್ಟಗೆ ಮಾಡಿಕೊಂಡರು. "ಆದರೆ ಹದಿನಾಲ್ಕು ನೊಣ, ಸುಂದರಿ! ನಮ್ಮ ಹುಡುಗಿಯರು ಹಗಲಿಡೀ ಕಾಯಿಲೆಯವರನ್ನು ನೋಡಿ ಬರುವವರು. ಅವರ ಬಟ್ಟಲಿಗೆ ನಾನು ಕಾಯಿಲೆ ಬಡಿಸಲಿಕ್ಕೆ ಆಗುತ್ತದಾ?"

"ಹಲಸಿನ ಹಣ್ಣಿನ ಕಾಲ ಅಲ್ವಾ ಬಾಯಮ್ಮ. ಈಗ ನೊಣ ಇಲ್ಲದ ಜಾಗ ಎಲ್ಲಿ ಉಂಟು?"

"ಇಲ್ಲಿ ಉಂಟು," ಎಂದು ಬಾಯಮ್ಮ ತಮ್ಮ ಅಡುಗೆಮನೆಯತ್ತ ಕೈ ತೋರಿಸಿದರು. ಕಿಟಕಿಗಳಿಗೆಲ್ಲ ಜಾಲರಿ, ನೆಲಕ್ಕೆ ದಿನಕ್ಕೆ ಎರಡು ಸಲ ಫಿನಾಯಿಲ್. ಅಂಗಳದಲ್ಲಿ ಹಲಸಿನ ಹಣ್ಣು ಬಿದ್ದರೆ ಅದು ಒಡೆಯುವ ಮೊದಲೇ ಗುಂಡಿ ಸೇರಬೇಕು ಎಂಬುದು ಅಲ್ಲಿನ ಕಾನೂನು. "ಸೋಮವಾರ ಬಾ. ನೊಣ ಇಲ್ಲದೆ ಬಂದರೆ ಇನ್ನು ಮುಂದೆ ಹಾಸ್ಟೆಲಿನ ಮೀನು ಖಾಯಂ ನಿನ್ನದೇ. ಒಂದೇ ಒಂದು ಕಂಡರೂ ನಾನು ಬೇರೆಯವರನ್ನು ನೋಡುತ್ತೇನೆ."

ಅಂದು ಗುರುವಾರ. ಸುಂದರಿ ತಲೆಯ ಮೇಲೆ ಸಿಂಬೆ ಇಟ್ಟು, ಅದರ ಮೇಲೆ ಬುಟ್ಟಿ ಏರಿಸಿಕೊಂಡು ಹೊರಟಳು. ಮಣಿಪಾಲ ಎಂದರೆ ಗುಡ್ಡ. ಇಳಿಯುವಾಗ ಮೊಣಕಾಲು, ಹತ್ತುವಾಗ ಉಸಿರು. ಇಪ್ಪತ್ತೆರಡು ವರ್ಷಗಳಿಂದ ಅವಳು ಕಾಪುವಿನ ಕಡಲ ಕರೆಯಲ್ಲಿ ಬುಟ್ಟಿ ತುಂಬಿಸಿ, ಬಸ್ಸಿನಲ್ಲಿ ಇಲ್ಲಿಗೆ ಬಂದು, ಆ ಮೇಷ್ಟ್ರ ಮನೆ, ಈ ಡಾಕ್ಟರ ಮನೆ ಎಂದು ಏರಿಳಿಯುತ್ತಿದ್ದಳು. ಈ ವರ್ಷ ಎಡಗಾಲಿನ ಮಂಡಿ ಅವಳ ಮಾತು ಕೇಳುವುದನ್ನು ಬಿಟ್ಟಿತ್ತು. ಹಾಸ್ಟೆಲಿನಲ್ಲಿ ಎಂಬತ್ತು ಹುಡುಗಿಯರು. ಒಂದೇ ಕಡೆ ಬುಟ್ಟಿ ಇಳಿಸಿ, ಒಂದೇ ಕಡೆ ಖಾಲಿ ಮಾಡಿ, ಬಿಸಿಲೇರುವ ಮೊದಲೇ ಮನೆ ಸೇರಬಹುದು. ದೇವರಲ್ಲಿ ಅವಳು ಕೇಳಿದ್ದು ಇಷ್ಟೇ. ನಡುವೆ ಈ ನೊಣ ಬಂತು.

ಮನೆಯಲ್ಲಿ ಬಲೆ ಸರಿ ಮಾಡುತ್ತಿದ್ದ ಗಂಡ ವಾಸು ಸಂಗತಿ ಕೇಳಿ ನಕ್ಕುಬಿಟ್ಟ. ಪ್ರಪಂಚದಲ್ಲಿ ಗಂಡಸರಿಗೆ ಕಷ್ಟವೆನಿಸದ ಕೆಲಸಗಳೆಂದರೆ ಹೆಂಗಸರು ಮಾಡುವ ಕೆಲಸಗಳು.

"ಅದಕ್ಕೆ ಎಂತ ತಲೆಬಿಸಿ? ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿಸಿ ಬುಟ್ಟಿಗೆ ಕಟ್ಟು. ನೊಣ ಅದರಲ್ಲಿ ತನ್ನ ಮುಖವನ್ನೇ ದೊಡ್ಡದಾಗಿ ಕಂಡು ಹೆದರಿ ಓಡುತ್ತದಂತೆ. ಮಲ್ಪೆಯಲ್ಲಿ ಹೇಳಿದರು."

"ನೀವು ದಿನಾ ಕನ್ನಡಿ ನೋಡುತ್ತೀರಿ. ಒಂದು ದಿನವಾದರೂ ಓಡಿದ್ದೀರಾ?" ಎಂದಳು ಸುಂದರಿ. ಆದರೂ ಪಕ್ಕದ ಮನೆಯ ರುಕಿಯಮ್ಮನಲ್ಲಿ ಚೀಲ ಕೇಳಿ ತಂದಳು. ರುಕಿಯಮ್ಮನ ಮಗ ಅಲಿ ದುಬೈಯಿಂದ ಅಂಗಿ ಕಳಿಸಿದ್ದ ಚೀಲ ಅದು, ಗಾಜಿನಷ್ಟು ಸ್ವಚ್ಛ.

ಶುಕ್ರವಾರ ಬೆಳಿಗ್ಗೆ ಬುಟ್ಟಿ ಎಂದಿನಂತೆ ಬಸ್ಸಿನ ಮಾಡಿನ ಮೇಲೆ ಹತ್ತಿತು. ಕಾಪುವಿನಿಂದ ಹೊರಟು ಉಡುಪಿ, ಮಣಿಪಾಲ ದಾಟಿ ಕಾರ್ಕಳಕ್ಕೆ ಹೋಗುವ ಆ ಬಸ್ಸಿನ ಕಂಡಕ್ಟರ್ ಗುಣಪಾಲ. ಸುಂದರಿಯ ನೊಣಗಳ ಬಗ್ಗೆ ಅವನಿಗೆ ಹಳೆಯ ತಕರಾರು: "ನಿಮಗೊಂದು ಟಿಕೆಟ್, ಬುಟ್ಟಿಗೊಂದು ಟಿಕೆಟ್. ಈ ಬಳಗಕ್ಕೆ ಯಾರು ತೆಗೆಯುವುದು ಸುಂದರಿಯಕ್ಕ?" ಅಂದು ಕಟಪಾಡಿಯ ತಿರುವಿನಲ್ಲಿ ಅವನು ಬಾಗಿಲಲ್ಲಿ ನೇತಾಡುತ್ತಾ ಸೀಟಿ ಊದುವುದಕ್ಕೂ, ಮೇಲೆ ಚೀಲ ಒಡೆಯುವುದಕ್ಕೂ ಸರಿಹೋಯಿತು. ಮೀನಿನ ನೀರಿನಲ್ಲಿ ಮಿಂದ ಗುಣಪಾಲ ಉಡುಪಿಯವರೆಗೆ ಅಂಗಿ ಹಿಂಡುತ್ತಲೇ ಇದ್ದ. ನೊಣಗಳು ಮಾತ್ರ ಒಂದೂ ಕಮ್ಮಿಯಾಗಲಿಲ್ಲ. ಎರಡು ಮೂರು ಅವನ ಅಂಗಿಗೂ ಬಂದವು.

ಶನಿವಾರ ಮೀನು ಮಾರುವ ಗೆಳತಿ ಕುಶಲಾಳ ಮಾತು ಕೇಳಿ, ಲಿಂಬೆ ಹಣ್ಣಿಗೆ ಲವಂಗ ಚುಚ್ಚಿ ಬುಟ್ಟಿಯ ನಾಲ್ಕು ಬದಿಗೂ ಇಟ್ಟಳು. ಇಂದೇನು ವಿಶೇಷ ಎಂದು ನೋಡಲು ನೊಣಗಳು ನೆಂಟರನ್ನೂ ಕರೆದುಕೊಂಡು ಬಂದವು. ಪ್ರೊಫೆಸರರ ಹೆಂಡತಿಯೊಬ್ಬರು ಲಿಂಬೆ ನೋಡಿ, "ಉಪ್ಪಿನಕಾಯಿಯನ್ನೂ ನೀನೇ ಹಾಕಿ ತಂದೆಯಾ?" ಎಂದು ಕೇಳಿದರು. ಸುಂದರಿಗೆ ಅಳು ಬಂತು. ಮನೆಗೆ ಬಂದವಳೇ ಬುಟ್ಟಿ ಕುಕ್ಕಿ ಜಗಲಿಯಲ್ಲಿ ಕೂತಳು.

ಬೇಲಿಯ ಆಚೆ ಒಲೆಗೆ ತೆಂಗಿನ ಮಡಲು ಕಡಿಯುತ್ತಿದ್ದ ರುಕಿಯಮ್ಮ ಕತ್ತಿ ಕೆಳಗಿಟ್ಟು ಬಂದಳು. ಎಪ್ಪತ್ತು ದಾಟಿದ ಮುದುಕಿ. ಕಿವಿಯ ತುಂಬ ಅಲಿಕತ್ತಿನ ರಿಂಗುಗಳು, ಬಾಯಿ ತುಂಬ ಎಲೆ ಅಡಿಕೆ.

"ಗಂಡನ ಮದ್ದು ಆಯಿತಾ? ಗೆಳತಿಯ ಮದ್ದೂ ಆಯಿತಾ?"

"ಆಯಿತು ರುಕಿಯಮ್ಮ. ನೊಣಕ್ಕೆ ಎರಡೂ ಬಹಳ ಇಷ್ಟವಾಯಿತು."

"ಮೊದಲೇ ನನ್ನಲ್ಲಿ ಕೇಳಬಾರದಿತ್ತಾ? ಚೀಲ ಕೇಳಿದೆ, ಮದ್ದು ಕೇಳಲಿಲ್ಲ." ಮುದುಕಿಗೆ ಅದರ ಬೇಸರ ಇತ್ತು. "ನಮ್ಮ ಕಾಲದಲ್ಲಿ ಸುನ್ನತ್ ಮಾಡಿಸುವುದು ಬೇಸಿಗೆಯ ರಜೆಯಲ್ಲಿ. ಅದೇ ಹಲಸಿನ ಹಣ್ಣಿನ ಕಾಲ. ಗಾಯಕ್ಕೆ ನೊಣ ಕೂರಬಾರದು ಅಲ್ವಾ? ನನ್ನ ಉಮ್ಮ ಮಕ್ಕಳ ಮಂಚದ ಸುತ್ತ ಒಂದು ಬಟ್ಟೆ ಕಟ್ಟುತ್ತಿದ್ದರು. ಏಳು ದಿನ ಒಂದು ನೊಣ ಹತ್ತಿರ ಬಂದರೆ ಕೇಳು. ಮಕ್ಕಳ ಆ ಜಾಗವನ್ನೇ ಕಾದ ಮದ್ದು, ನಿನ್ನ ಬಂಗುಡೆಯನ್ನು ಕಾಯುವುದಿಲ್ಲವಾ?"

ಒಳಗಿದ್ದ ವಾಸು ಕೆಮ್ಮಿದ. ಸುಂದರಿ ಎರಡು ದಿನಗಳ ನಂತರ ಮೊದಲ ಸಲ ಬಾಯಿ ತುಂಬ ನಕ್ಕಳು.

ಭಾನುವಾರವಿಡೀ ರುಕಿಯಮ್ಮನ ಅಂಗಳದಲ್ಲಿ ಕೆಲಸ. ತೋಡಿನ ಬದಿಯಿಂದ ಒಂದು ಹೊರೆ ಲಕ್ಕಿಸೊಪ್ಪು ತಂದರು. ಮಕ್ಕಳಿಗೆ ತೇಯ್ದು ನೆಕ್ಕಿಸುವ ಬಜೆಯ ಬೇರನ್ನು ಜಜ್ಜಿದರು. ಎರಡನ್ನೂ ದೊಡ್ಡ ಪಾತ್ರೆಯಲ್ಲಿ ಹಾಕಿ, ನೀರು ಕಪ್ಪಾಗುವವರೆಗೆ ಕುದಿಸಿ, ಬುಟ್ಟಿಗೆ ಹೊದಿಸಲು ಹಳೆಯ ಬೈರಾಸು ಬಟ್ಟೆಯೊಂದನ್ನು ಅದರಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸಿದರು. ಉಳಿದ ಕಷಾಯದಲ್ಲಿ ಬುಟ್ಟಿಯನ್ನೂ ತೊಳೆದು, ಕೊನೆಗೆ ಸುಂದರಿಯ ಕೈಗಳಿಗೆ ಮೊಣಕೈವರೆಗೆ ತಿಕ್ಕಿದಳು ಮುದುಕಿ. ಆ ವಾಸನೆಗೆ ಜಗಲಿಯಲ್ಲಿದ್ದ ಬೆಕ್ಕು ಎದ್ದು ಹೋಯಿತು.

"ಹಾಸ್ಟೆಲು ಸಿಕ್ಕಿದ ಮೇಲೆ ನನಗೆ ಬೂತಾಯಿ ಮೀನು ತಂದು ಕೊಡು, ಮಗಳೇ. ತತ್ತಿ ಇರುವುದು," ಎಂದಳು.

ಸೋಮವಾರ ಗುಣಪಾಲ ಬುಟ್ಟಿಯನ್ನು ಮಾಡಿನ ಮೇಲಿನಿಂದ ಇಳಿಸುವಾಗ ಅದನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ಎಲ್ಲಿ ಸುಂದರಿಯಕ್ಕ, ನಿಮ್ಮ ಬಳಗ?"

"ಟಿಕೆಟ್ ಕೇಳಿದೆಯಲ್ಲ ಮಾರಾಯ, ಹೆದರಿ ಇಳಿದು ಹೋದವು," ಎಂದು ಅವಳು ಠೀವಿಯಿಂದ ನಡೆದಳು. ಮಂಡಿಯ ನೋವೂ ಅಂದು ಅರ್ಧ ಕಮ್ಮಿ.

ಹಾಸ್ಟೆಲಿನ ಹಿಂಬಾಗಿಲಲ್ಲಿ ಐರಿನ್ ಬಾಯಮ್ಮ ಬುಟ್ಟಿಗೆ ಮೂರು ಸುತ್ತು ಬಂದರು. ಬೈರಾಸು ಎತ್ತಿ ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಒಂದೂ ಇಲ್ಲ.

"ಜೆಜು ದೇವಾ! ನೀನು ಮಾತು ಉಳಿಸುವ ಹೆಂಗಸು, ಸುಂದರಿ," ಎಂದು ಅವರು ಅರಳಿದ ಮುಖದಿಂದ ಒಳಗೆ ಕೂಗಿದರು. "ಲಿಗೋರಿ! ಮೀನು ಬಂತು, ಪಾತ್ರೆ ತೆಗೆದುಕೊಂಡು ಬಾ."

ಲಿಗೋರಿ ಹಾಸ್ಟೆಲಿನ ಅಡುಗೆಯವನು. ಕಾರ್ಕಳದ ಹತ್ತಿರ ಕುಕ್ಕುಂದೂರಿನವನು. ಅರುವತ್ತು ವರ್ಷ, ಬಿಳಿ ಮೀಸೆ, ಮಾತು ಕಮ್ಮಿ. ಕ್ರೈಸ್ತ ಗಂಡಸರನ್ನು ಗೌರವದಿಂದ ಕರೆಯುವ ಊರಿನ ರೂಢಿಯಂತೆ ಎಲ್ಲರಿಗೂ ಅವನು 'ಪೊರ್ಬುಗಳು'. ಪಾತ್ರೆ ಹಿಡಿದು ಬಂದವನು ಬುಟ್ಟಿಯ ಎದುರು ನಿಂತ.

"ನೊಣ ಎಲ್ಲಿ?" ಎಂದು ಕೇಳಿದ.

"ಇಲ್ಲ!" ಎಂದರು ಬಾಯಮ್ಮ ಹೆಮ್ಮೆಯಿಂದ.

"ಅದೇ ಕೇಳಿದ್ದು. ಯಾಕೆ ಇಲ್ಲ?" ಅವನು ಪಾತ್ರೆಯನ್ನು ಕೆಳಗಿಟ್ಟ. "ಮೇ ತಿಂಗಳು. ಮೀನು ಉಂಟು, ನೊಣ ಇಲ್ಲ. ನೊಣಕ್ಕೆ ಬೇಡವಾದ ಮೀನನ್ನು ನಾನು ಬೇಯಿಸುವುದಿಲ್ಲ, ಬಾಯಮ್ಮ. ಎಂತದೋ ಮದ್ದು ಹಾಕಿದ್ದಾರೆ ಇದಕ್ಕೆ."

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬುದು ಸುಳ್ಳಲ್ಲ. ಮದ್ದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕುಂಬಳಕಾಯಿ ಕಳ್ಳನ ಹಾಗೆ ಸುಂದರಿಯ ಎರಡೂ ಕೈಗಳು ತಾವಾಗಿಯೇ ಸೆರಗಿನೊಳಗೆ ಹೋದವು.

"ಮೀನಿಗೆ ಎಂತದೂ ಹಾಕಲಿಲ್ಲ ಪೊರ್ಬುಗಳೇ! ಬಟ್ಟೆಗೆ ಮಾತ್ರ. ಲಕ್ಕಿಸೊಪ್ಪು, ಬಜೆ. ಮಕ್ಕಳಿಗೆ ಕೊಡುವ ಬಜೆ."

"ಮಕ್ಕಳಿಗೆ ಕೊಡುವುದನ್ನು ಮಕ್ಕಳಿಗೇ ಕೊಡಬೇಕು."

"ಕಿವಿರು ತೆಗೆದು ನೋಡಿ. ಈಗ ತಾನೇ ಕಡಲಿನಿಂದ ಬಂದದ್ದು!"

ಲಿಗೋರಿ ಒಂದು ಬಂಗುಡೆ ಎತ್ತಿ ಕಿವಿರು ಬಿಡಿಸಿದ. ದಾಸವಾಳದಷ್ಟು ಕೆಂಪು. "ಬಣ್ಣ ಪೇಟೆಯಲ್ಲಿ ಸಿಗುತ್ತದೆ," ಎಂದ. ಬೆರಳಿನಿಂದ ಒತ್ತಿ ನೋಡಿದ. ಗಟ್ಟಿಯಾಗಿತ್ತು. ಅದೂ ಅವನಿಗೆ ಸರಿ ಕಾಣಲಿಲ್ಲ. "ನಮ್ಮ ಕಣ್ಣಿಗೆ ಮೋಸ ಮಾಡಬಹುದು, ಬಾಯಮ್ಮ. ನೊಣಕ್ಕೆ ಮೋಸ ಮಾಡಲಿಕ್ಕೆ ಆಗುವುದಿಲ್ಲ. ಅದು ದೇವರು ಇಟ್ಟ ಇನ್‌ಸ್ಪೆಕ್ಟರ್. ಎಂಬತ್ತು ಮಕ್ಕಳು ತಿನ್ನುವ ಅನ್ನ. ನಾಳೆ ಒಬ್ಬಳಿಗೆ ಹೊಟ್ಟೆನೋವು ಬಂದರೆ ಯಾರ ಹೆಸರು ಹೇಳುತ್ತೀರಿ, ನೊಣದ್ದಾ?"

ಐರಿನ್ ಬಾಯಮ್ಮನ ಮುಖ ಸಣ್ಣದಾಯಿತು. ನೊಣ ಬೇಡ ಎಂದವರು ಅವರೇ. ಈಗ ಬೇಕು ಎನ್ನುವುದು ಹೇಗೆ? ಆದರೆ ಲಿಗೋರಿ ಹಟ ಹಿಡಿದರೆ ಎಂಬತ್ತು ಹುಡುಗಿಯರಿಗೆ ಅಂದು ಬರೀ ಸಾರು. ಅವರು ಕೈಗೊಂಚಲನ್ನು ಎರಡು ಸಲ ತಿರುಗಿಸಿದರು.

ಸುಂದರಿಗೆ ಸಿಟ್ಟು ಬಂತು. ಇಪ್ಪತ್ತೆರಡು ವರ್ಷದಲ್ಲಿ ಅವಳ ಮೀನಿನ ಬಗ್ಗೆ ಯಾರೂ ಹೀಗೆ ಹೇಳಿದ್ದಿಲ್ಲ. ಹಾಸ್ಟೆಲು ಹೋದರೆ ಹೋಗಲಿ. ಮದ್ದು ಹಾಕುವವಳು ಎಂಬ ಹೆಸರು ಬಂದರೆ ಮತ್ತೆ ಯಾವ ಬಾಗಿಲಲ್ಲಿ ಬುಟ್ಟಿ ಇಳಿಸುವುದು?

"ಬನ್ನಿ ಪೊರ್ಬುಗಳೇ," ಎಂದು ಅವಳು ಎದ್ದಳು. "ನೀವೇ ಒಂದು ಮೀನು ಹೆಕ್ಕಿ, ನೀವೇ ತೊಳೆದು, ಹೊರಗೆ ಇಡಿ. ನಿಮ್ಮ ಇನ್‌ಸ್ಪೆಕ್ಟರ್ ಬಂದು ಹೇಳಲಿ."

ಲಿಗೋರಿ ಬುಟ್ಟಿಯ ಅಡಿಯಿಂದ ಒಂದು ಬಂಗುಡೆ ಹೆಕ್ಕಿ, ನಲ್ಲಿಯಲ್ಲಿ ನಾಲ್ಕು ಸಲ ತೊಳೆದು, ಬಾಳೆಲೆಯ ತುಂಡಿನ ಮೇಲೆ ಹಿಂಬಾಗಿಲಿನ ಮೆಟ್ಟಿಲಿನಲ್ಲಿ ಇಟ್ಟ. ಒಂದು ಬದಿಯಲ್ಲಿ ತಾನು ಕುಳಿತ. ಸುಂದರಿ ಕೂರಲು ಹೋದಾಗ, "ನೀವು ಆಚೆ. ನಿಮ್ಮ ಕೈಯೂ ನಾರುತ್ತದೆ," ಎಂದ. ಅವಳು ಹತ್ತು ಹೆಜ್ಜೆ ದೂರ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಮೇಟ್ರನ್ ಬಾಯಮ್ಮ ಸ್ವಲ್ಪ ಹೊತ್ತು ನಿಂತು ನೋಡಿ, ಕೊನೆಗೆ ಸೀರೆ ಮಡಚಿಕೊಂಡು ಮೆಟ್ಟಿಲಿನ ಇನ್ನೊಂದು ಬದಿಯಲ್ಲಿ ಕುಳಿತರು.

ಐದು ನಿಮಿಷವಾಯಿತು. ಹತ್ತಾಯಿತು. ಬಿಸಿಲು ಮೆಟ್ಟಿಲಿಗೆ ಬಂತು. ಇರುವೆಯೊಂದು ಬಾಳೆಲೆಯ ಅಂಚಿಗೆ ಬಂದು ಹೋಯಿತು.

"ಇರುವೆ ಲೆಕ್ಕಕ್ಕೆ ಉಂಟಾ?" ಎಂದು ಸುಂದರಿ ದೂರದಿಂದ ಕೇಳಿದಳು.

"ಇಲ್ಲ."

"ನೊಣ ಇರಬೇಕಲ್ಲ ಲಿಗೋರಿ," ಎಂದರು ಬಾಯಮ್ಮ ಮೆಲ್ಲಗೆ. "ನಾನು ಹನ್ನೊಂದು ವರ್ಷದಿಂದ ಒಂದನ್ನೂ ಬಿಡಲಿಲ್ಲ." ಹಾಗೆ ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯೂ ಇತ್ತು, ಪಶ್ಚಾತ್ತಾಪವೂ ಇತ್ತು. ಸುಂದರಿ ಕಣ್ಣು ಮುಚ್ಚಿದಳು. ಊರಿನ ದೈವಗಳಿಗೆಲ್ಲ ಹರಕೆ ಹೇಳಿಕೊಂಡವಳೇ. ಆದರೆ ಒಂದು ನೊಣ ಕಳಿಸು ಎಂದು ಕೇಳಿಕೊಂಡದ್ದು ಅದೇ ಮೊದಲು.

ಆಗ ಗುಂಯ್ ಎಂಬ ಸದ್ದು ಕೇಳಿತು.

ಎಲ್ಲಿಂದ ಬಂತೋ, ಹಸಿರು ಬೆನ್ನಿನ ಒಂದು ನೊಣ ಲಿಗೋರಿಯ ಮೀಸೆಗೆ ಒಂದು ಸುತ್ತು ಹಾಕಿ, ಬಾಯಮ್ಮನ ಕಿವಿಯ ಹತ್ತಿರ ಹಾಡಿತು. ಬಾಯಮ್ಮನ ಕೈ ತಾನಾಗಿಯೇ ಸೊಂಟಕ್ಕೆ ಹೋಗಿ ಬ್ಯಾಟು ಎಳೆದು ಮೇಲೆತ್ತಿತು.

"ಬೇಡ!" ಎಂದು ಲಿಗೋರಿಯೂ ಸುಂದರಿಯೂ ಒಟ್ಟಿಗೆ ಕಿರುಚಿದರು.

ಎತ್ತಿದ ಕೈ ಹಾಗೆಯೇ ನಿಂತಿತು. ನೊಣ ಬಾಳೆಲೆಯ ಮೇಲೆ ಇಳಿಯಿತು. ಎರಡು ಹೆಜ್ಜೆ ನಡೆದು ಯೋಚಿಸಿತು. ಮತ್ತೆ ಹಾರಿ ಬಂಗುಡೆಯ ಕಣ್ಣಿನ ಪಕ್ಕದಲ್ಲಿ ಕುಳಿತು, ಬಗ್ಗಿ ರುಚಿ ನೋಡತೊಡಗಿತು. ಸುಂದರಿಗೆ ಹೋದ ಜೀವ ಬಂದಂತಾಯಿತು.

ಲಿಗೋರಿ ಮೀನಿನ ಹತ್ತಿರ ಮೂಗು ಇಟ್ಟಂತೆ ಬಗ್ಗಿ ಅದನ್ನು ನೋಡಿದ. ತುಂಬ ಹೊತ್ತು ನೋಡಿದ. ಮತ್ತೆ ಸದ್ದಾಗದ ಹಾಗೆ ಎದ್ದು, ಪಾತ್ರೆ ತೆಗೆದುಕೊಂಡು ಬುಟ್ಟಿಯ ಕಡೆಗೆ ಹೋದ. ಬಂಗುಡೆಗಳು ಒಂದೊಂದಾಗಿ ಪಾತ್ರೆಗೆ ಬೀಳುವ ಸದ್ದು ಕೇಳಿಸಿತು.

"ನಾಳೆಯೂ ಇಷ್ಟೇ ತಾ," ಎಂದರು ಬಾಯಮ್ಮ, ಮೀನಿನ ಮೇಲಿಂದ ಕಣ್ಣು ತೆಗೆಯದೆ. "ಮತ್ತೆ... ನೊಣ ಒಂದು ಇದ್ದರೆ ಅಡ್ಡಿಯಿಲ್ಲ. ಒಂದೇ."

"ಆಯಿತು ಬಾಯಮ್ಮ."

ಗಂಟೆ ಇನ್ನೂ ಒಂಬತ್ತೂವರೆ ಆಗಿರಲಿಲ್ಲ. ಸುಂದರಿ ತಲೆಯ ಮೇಲಿದ್ದ ಸಿಂಬೆಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು, ಎಡಗಾಲನ್ನು ಕಲ್ಲಿನ ಮೇಲೆ ಉದ್ದಕ್ಕೆ ಚಾಚಿದಳು. ಮೆಟ್ಟಿಲಿನ ಮೇಲೆ ಬ್ಯಾಟನ್ನು ಪಕ್ಕಕ್ಕಿಟ್ಟು ಬಾಯಮ್ಮ ಇನ್ನೂ ಕುಳಿತಿದ್ದರು. ಹೊಟ್ಟೆ ತುಂಬಿದ ನೊಣ ಮುಂಗಾಲುಗಳನ್ನು ಒಂದಕ್ಕೊಂದು ಉಜ್ಜಿ ಒರೆಸಿಕೊಳ್ಳುತ್ತಿತ್ತು. ಯಾರೂ ಅದನ್ನು ಓಡಿಸಲಿಲ್ಲ.